ಕಾವೇರಿಯ ಮಹಸೀರ್: ಎಣಿಕೆ ಮತ್ತು ಅಳತೆ

ತಲಕಾವೇರಿಯಲ್ಲಿ ಉಗಮಿಸಿ, ಭಾಗಮಂಡಲ, ದುಬಾರೆ, ಕುಶಾಲನಗರಗಳನ್ನು ಹಾದು ಮುಂದೆ ಹರಿಯುವ ಕಾವೇರಿಯು ಮಹಸೀರ್ ಮೀನಿನ ತವರು. ಕೊಡಗಿನ ಗಡಿಯಾಚೆಯ ರಾಮನಾಥಪುರದಲ್ಲಿ ದೇವಾಲಯದ ಬಳಿಯ ಮಡುವಿನಲ್ಲಿ ಭಕ್ತರು ಇವಕ್ಕೆ ಆಹಾರ ನೀಡುತ್ತಾರೆ. ಅಲ್ಲಿ ಇವನ್ನು ಯಾರೂ ಹಿಡಿಯುವಂತಿಲ್ಲ. ಉಪನದಿಯಾದ ಕಬಿನಿಯಲ್ಲಿ 1946ರಲ್ಲಿ ವ್ಯಾನ್ ಇಂಗೆನ್ ಅವರ ಗಾಳಕ್ಕೆ ಸಿಕ್ಕ ಮಹಸೀರ್ 120 ಪೌಂಡು, ಅಂದರೆ ಸುಮಾರು 54 ಕಿಲೋಗ್ರಾಂ ತೂಗಿತ್ತು. ಅಂತಹ ಮೀನುಗಳು ಈಗ ಎಷ್ಟು ಉಳಿದಿವೆ? ಕಾಡಿನ ಆನೆಯನ್ನು ಕಂಡು ಎಣಿಸಬಹುದು. ನೀರೊಳಗಿನ ಮೀನನ್ನು ಎಣಿಸುವ ಬಗೆ ಹೇಗೆ?

ಪಾಶ್ಚಾತ್ಯ ದೇಶಗಳಲ್ಲಿ ಟ್ರೌಟ್ ಮೀನಿರುವ ಕಿರುಹೊಳೆಗಳಲ್ಲಿ ಇದಕ್ಕೊಂದು ಕ್ರಮವುಂಟು. ಹೊಳೆಯ ಒಂದು ಭಾಗದ ಎರಡೂ ಕಡೆ ಬಲೆ ಕಟ್ಟಿ, ನೀರಿನಲ್ಲಿ ವಿದ್ಯುತ್ತನ್ನು ಹಾಯಿಸಿ, ಕ್ಷಣಕಾಲ ಮೂರ್ಛೆಗೊಂಡ ಮೀನುಗಳನ್ನು ತೊಟ್ಟಿಗೆ ಎತ್ತಿಕೊಳ್ಳುತ್ತಾರೆ. ಎರಡು ಮೂರು ಸುತ್ತು ಹೀಗೆ ಮಾಡಿದಾಗ, ಪ್ರತಿ ಸುತ್ತಿನಲ್ಲಿ ಸಂಖ್ಯೆ ಕುಗ್ಗುವ ಪ್ರಮಾಣದಿಂದ ಒಟ್ಟು ಮೀನುಗಳನ್ನು ಅಂದಾಜು ಮಾಡಬಹುದು. ಬಳಿಕ ಉದ್ದ, ತೂಕಗಳನ್ನು ಬರೆದುಕೊಂಡು ಅವನ್ನು ಹೊಳೆಗೇ ಬಿಡುತ್ತಾರೆ. ಆಳವಾದ ಮಡು, ಬಂಡೆ, ಮಳೆಗಾಲದ ಪ್ರವಾಹಗಳಿರುವ ಕಾವೇರಿಯಲ್ಲಿ ಈ ಕ್ರಮ ನಡೆಯದು.

ಇಲ್ಲಿ ನೆರವಾದುದು ಗಾಳಗಾರರ ದಿನಚರಿ. ಕೊಡಗಿನ ವಾಲ್ನೂರಿನಂತೆಯೇ, ಬಹು ದೂರ ಕೆಳಗಿನ ಗಾಳಿಬೋರೆಯಲ್ಲಿಯೂ ಮೀನನ್ನು ಹಿಡಿದು ಜೀವಂತ ಬಿಡುವ ಪದ್ಧತಿಯಿತ್ತು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. 23,620 ಗಂಟೆಗಳ ಗಾಳಗಾರಿಕೆಯಲ್ಲಿ 6,161 ಮಹಸೀರ್ ಸಿಕ್ಕಿದ್ದವು. ಸರಾಸರಿ ನಾಲ್ಕು ಗಂಟೆಗೆ ಒಂದು. ಗಂಟೆಗೆ ಸಿಗುವ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತು. ಮೀನಿನ ಸರಾಸರಿ ಗಾತ್ರ ಇಳಿಯಿತು. ಮರಿಗಳು ಹೆಚ್ಚಾಗಿ ಬದುಕುತ್ತಿವೆ, ಕಾವಲು ಫಲ ನೀಡಿದೆ ಎಂದು ಇದನ್ನು ಅರ್ಥೈಸಲು ಅವಕಾಶವಿತ್ತು.

ಆದರೆ ಮೀನಿನ ಬಗೆಯನ್ನು ಪ್ರತ್ಯೇಕಿಸಿ ನೋಡಿದಾಗ ಚಿತ್ರ ಬದಲಾಯಿತು. ಹೆಚ್ಚಿದ್ದುದು ನೀಲಿ ಈಜುರೆಕ್ಕೆಯ ಮಹಸೀರ್. 1970ರ ದಶಕದಿಂದ ಮರಿಪಾಲನಾ ಕೇಂದ್ರದ ಮರಿಗಳನ್ನು ತಂದು ಬಿಟ್ಟುದರಿಂದ ಕಾವೇರಿಯಲ್ಲಿ ನೆಲೆಸಿದ ಹೊರಗಿನ ಮೀನು ಅದು. ಕಾವೇರಿಯದೇ ಆದ, ಕಿತ್ತಳೆ ಈಜುರೆಕ್ಕೆಯ ಡುಬ್ಬದ ಮಹಸೀರ್ ಕಾಣಸಿಗುವುದೇ ಅಪರೂಪವಾಗಿತ್ತು. ಇದಕ್ಕೆ ಖಚಿತವಾದ ವೈಜ್ಞಾನಿಕ ಹೆಸರೂ ಇರಲಿಲ್ಲವಾಗಿ ಅಪಾಯದ ಪಟ್ಟಿಯಲ್ಲಿ ಸ್ಥಾನವೂ ಇರಲಿಲ್ಲ. ಕೇರಳದ ಪಾಂಬಾರ್ ನದಿಯ ಮೀನಿಗೆ ಇಟ್ಟಿದ್ದ ‘ಟಾರ್ ರೆಮಾದೇವಿ’ ಎಂಬ ಹೆಸರೇ ಇದಕ್ಕೂ ಸಲ್ಲುತ್ತದೆಂದು 2018ರಲ್ಲಿ ನಿರ್ಧಾರವಾಯಿತು. ಅದೇ ವರ್ಷ ಇದನ್ನು ತೀವ್ರ ಅಪಾಯದಲ್ಲಿರುವ ಜೀವಿಯೆಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿಸಲಾಯಿತು.

ಇದರಿಂದ ನಾವು ಗ್ರಹಿಸಬೇಕಾದುದು ಸ್ಪಷ್ಟವಾಗಿದೆ. ಬರಿಯ ಸಂಖ್ಯೆ ಸಾಲದು. ಯಾವ ಬಗೆಯ ಮೀನು, ಎಷ್ಟು ಉದ್ದ, ಎಷ್ಟು ತೂಕ, ಎಷ್ಟು ಹೊತ್ತಿನ ಶ್ರಮಕ್ಕೆ ಸಿಕ್ಕಿತು ಎಂಬುದೂ ಬೇಕು. ಒಂದೇ ಸ್ಥಳದಲ್ಲಿ, ಒಂದೇ ಋತುವಿನಲ್ಲಿ ವರ್ಷಾನುವರ್ಷ ಬರೆದಾಗ ಮಾತ್ರ ಹೋಲಿಕೆ ಸಾಧ್ಯ. ಗಾಳಕ್ಕೆ ಕಿರುಮರಿಗಳು ಸಿಗವೆಂಬ ಮಿತಿಯೂ ನೆನಪಿರಲಿ. 2012ರಲ್ಲಿ ವನ್ಯಜೀವಿಧಾಮದೊಳಗಿನ ಗಾಳಗಾರಿಕೆ ನಿಂತಾಗ ಆ ದಾಖಲೆಯೂ ನಿಂತಿತು.

ನದಿಗೆ ಮೀನುಮರಿ ಬಿಡುವುದು ಪುಣ್ಯಕಾರ್ಯವೆಂಬ ಭಾವನೆ ನಮ್ಮಲ್ಲಿದೆ. ಆ ಮರಿ ಯಾವ ನದಿಯದು ಎಂದು ಕೇಳಿದ ಮೇಲೆಯೇ ದಾನಿಗಳು ಇಂತಹ ಕಾರ್ಯಕ್ಕೆ ಕೈಹಾಕುವುದು ಉಚಿತ. ಶಾಲೆಗಳು ಮೀನುಗಾರಿಕೆ ಮತ್ತು ಅರಣ್ಯ ಇಲಾಖೆಗಳ ಅನುಮತಿ, ಮಾರ್ಗದರ್ಶನಗಳೊಡನೆ, ದಡದಿಂದ ಕಾಣುವ ಮೀನು, ನೀರಿನ ಮಟ್ಟ ಮತ್ತು ಬಣ್ಣಗಳನ್ನು ಪ್ರತಿ ಬೇಸಿಗೆಯಲ್ಲಿ ಬರೆದಿಡುವ ನದಿಯ ದಿನಚರಿಯೊಂದನ್ನು ಆರಂಭಿಸಬಹುದು. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು ಅಧ್ಯಾಪಕರ ಶ್ರದ್ಧೆ ಮತ್ತು ಒಂದು ತಂಡದ ವಿದ್ಯಾರ್ಥಿಗಳಿಂದ ಮತ್ತೊಂದು ತಂಡಕ್ಕೆ ತಪ್ಪದೆ ದಾಟುವ ಒಂದು ಪುಸ್ತಕ.