ಕ್ಷೇತ್ರಕಾರ್ಯಕ್ಕಾಗಿ ಬಳಸಿದ ಫಿಲ್ಮ್ ಕ್ಯಾಮರಾಗಳನ್ನು ಕೊಳ್ಳುವಿಕೆ

ಇತಿಹಾಸದ ವಿದ್ಯಾರ್ಥಿಗೆ ಕ್ಯಾಮರಾ ವಿಲಾಸದ ವಸ್ತುವಲ್ಲ; ಶಾಸನದ ಪಡಿಯಚ್ಚು ತೆಗೆಯುವ ಕಾಗದ, ಮಸಿಗಳಂತೆ ಅದೂ ಒಂದು ಉಪಕರಣ. ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟ 1902ರಲ್ಲಿ ಪ್ರಕಟವಾದಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೆ ಸೇರಿದ್ದುವು; ಜಗಳೂರಿನ ಶಾಸನಗಳು ಚಿತ್ರದುರ್ಗ ಜಿಲ್ಲೆಯ 11ನೆಯ ಸಂಪುಟದಲ್ಲಿವೆ. 1997ರಲ್ಲಿ ದಾವಣಗೆರೆ ಜಿಲ್ಲೆ ರಚಿತವಾದಾಗ ಇವು ಮೂರೂ ಅದರೊಳಗೆ ಬಂದವು. ಅನಂತರ ಹೊನ್ನಾಳಿಯಿಂದ ನ್ಯಾಮತಿ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾಯಿತು. ಸಿಂದರ ನೆಲೆಯಾಗಿದ್ದ ಬೆಳಗುತ್ತಿ, ನಾಯಕರ ಕಾಲದ ಪುಷ್ಕರಣಿಯುಳ್ಳ ಸಂತೆಬೆನ್ನೂರು ಮೊದಲಾದ ಸ್ಥಳಗಳಿರುವ ಈ ಪ್ರದೇಶದಲ್ಲಿ ಬಯಲಿನಲ್ಲಿ ನಿಂತು ಸವೆಯುತ್ತಿರುವ ವೀರಗಲ್ಲು, ಮಾಸ್ತಿಕಲ್ಲುಗಳು ಹಲವಿವೆ. ಇವುಗಳ ಚಿತ್ರ ತೆಗೆಯಹೊರಟ ನಮಗೆ ಒದಗಿದ ಅನುಭವದಿಂದ ಈ ಲೇಖನ ಹುಟ್ಟಿದೆ.

ಕೆಲವು ವರ್ಷಗಳ ಹಿಂದೆ ನಾವು ಒಂದು ನಗರದ ಅಂಗಡಿಯಲ್ಲಿ ಬಳಸಿದ ಕ್ಯಾಮರಾ ಒಂದನ್ನು ಕಡಮೆ ಬೆಲೆಗೆ ದೊರೆಯಿತೆಂದು ಸಂತೋಷಪಟ್ಟು ಕೊಂಡೆವು. ರಸೀತಿಯನ್ನು ಕೇಳಲಿಲ್ಲ, ಪರೀಕ್ಷೆಯ ಸುರುಳಿಯೊಂದನ್ನು ತೆಗೆದುನೋಡಲಿಲ್ಲ. ನ್ಯಾಮತಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೂರು ಪಟ್ಟಿಕೆಗಳ ವೀರಗಲ್ಲೊಂದನ್ನು ಚಿತ್ರಿಸಿ ಬಂದು ಸುರುಳಿಯನ್ನು ಸಂಸ್ಕರಿಸಿದಾಗ, ಹಿಂಬಾಗಿಲ ಸಂದಿನಿಂದ ನುಸುಳಿದ ಬೆಳಕು ಪ್ರತಿಯೊಂದು ಚಿತ್ರದ ಮೇಲೂ ಕರಿಯ ಪಟ್ಟೆಯಾಗಿ ಬಿದ್ದಿತ್ತು. ಮಳೆಗಾಲ ಕಳೆದ ಮೇಲೆ ಮತ್ತೆ ಹೋಗಿ ನೋಡಿದರೆ, ಊರವರು ಭಕ್ತಿಯಿಂದ ಆ ಕಲ್ಲಿಗೆ ಎಣ್ಣೆಬಣ್ಣ ಬಳಿದಿದ್ದರು, ಅಕ್ಷರಗಳು ಮುಚ್ಚಿಹೋಗಿದ್ದುವು. ಅವರದು ತಪ್ಪೆನ್ನಲಾಗದು, ತಪ್ಪು ನಮ್ಮದು. ಕ್ಯಾಮರಾಕ್ಕೆ ಕೊಟ್ಟ ಹಣಕ್ಕಿಂತ ಹೆಚ್ಚಾದ ನಷ್ಟವೊಂದು ಉಂಟೆಂಬುದನ್ನು ಅಂದು ಕಂಡುಕೊಂಡೆವು.

ಡಿಜಿಟಲ್ ಕ್ಯಾಮರಾಗಳಿರುವ ಈ ಕಾಲದಲ್ಲಿ ಫಿಲ್ಮು ಏತಕ್ಕೆಂದು ವಾಚಕರು ಕೇಳಬಹುದು. ದಿನದ ಕೆಲಸಕ್ಕೆ ಡಿಜಿಟಲ್ ಚಿತ್ರವೇ ಸಾಕು. ನಾವೂ ಅದನ್ನು ಬಳಸುತ್ತೇವೆ. ಆದರೆ ಸರಿಯಾಗಿ ಸಂಸ್ಕರಿಸಿ ತಂಪಾದ, ಒಣಗಿದ ಎಡೆಯಲ್ಲಿಟ್ಟ ಕಪ್ಪುಬಿಳುಪು ನೆಗೆಟಿವು ಯಾವ ಯಂತ್ರದ ನೆರವೂ ಇಲ್ಲದೆ ಕಣ್ಣಿಗೆ ಕಾಣುವ ಮೂಲದಾಖಲೆ. ಒಂದು ಸುರುಳಿಯಲ್ಲಿ 36 ಚಿತ್ರಗಳು ಮಾತ್ರವೆಂದು ತಿಳಿದ ವಿದ್ಯಾರ್ಥಿ, ಇಳಿಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬಿದ್ದು ಅಕ್ಷರಗಳು ಎದ್ದುಕಾಣುವ ತನಕ ಕಾಯುವುದನ್ನು ಕಲಿಯುತ್ತಾನೆ. ಊಟಿಯಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಮುಚ್ಚಿಹೋಗಿ, ಫಿಲ್ಮು ಹೊರದೇಶಗಳಿಂದ ಬರಬೇಕಾಗಿರುವುದರಿಂದ, ಕೆಟ್ಟ ಕ್ಯಾಮರಾ ಹಾಳುಮಾಡುವ ಒಂದೊಂದು ಸುರುಳಿಯೂ ಇಂದು ದುಬಾರಿಯಾದ ನಷ್ಟವೇ.

ಆಕರಗಳ ಪರಿಶೀಲನೆಯಲ್ಲಿ ಬಾಹ್ಯ ವಿಮರ್ಶೆ, ಆಂತರಿಕ ವಿಮರ್ಶೆ ಎಂಬ ಎರಡು ಕ್ರಮಗಳನ್ನು ನಾವು ತರಗತಿಯಲ್ಲಿ ಬೋಧಿಸುತ್ತೇವೆ. ತಾಮ್ರಶಾಸನವೊಂದು ಕೈಗೆ ಬಂದಾಗ ಅದು ಯಾರ ಬಳಿ ಇತ್ತು, ಎಲ್ಲಿ ದೊರೆಯಿತು ಎಂದು ಮೊದಲು ವಿಚಾರಿಸಿ, ಅನಂತರ ಅದರ ಲಿಪಿಯನ್ನೂ ಕಾಲವನ್ನೂ ಪರೀಕ್ಷಿಸುತ್ತೇವೆ. ಹಾಗೆ ಮಾಡದಿದ್ದರೆ ಕೂಟಶಾಸನವನ್ನು ನಿಜವೆಂದು ನಂಬಿಬಿಡುವ ಅಪಾಯವುಂಟು. ಬಳಸಿದ ಕ್ಯಾಮರಾಕ್ಕೂ ಈ ಕ್ರಮವೇ ಸಲ್ಲುತ್ತದೆ.

ಬಾಹ್ಯ ವಿಮರ್ಶೆ ಎಂದರೆ ವರ್ತಕನ ಪರೀಕ್ಷೆ. ವಿಶ್ವಾಸಾರ್ಹನಾದ ವರ್ತಕನು ಕ್ಯಾಮರಾ ಮತ್ತು ಲೆನ್ಸಿನ ಕ್ರಮಸಂಖ್ಯೆಗಳನ್ನು ರಸೀತಿಯಲ್ಲಿ ಬರೆದುಕೊಡುತ್ತಾನೆ. ಎಷ್ಟು ದಿನಗಳೊಳಗೆ ಹಿಂದಿರುಗಿಸಬಹುದೆಂಬುದನ್ನು ಲಿಖಿತವಾಗಿ ತಿಳಿಸುತ್ತಾನೆ. ದುರಸ್ತಿಯಾಗಿದ್ದರೆ ಏನನ್ನು ಬದಲಾಯಿಸಲಾಯಿತೆಂದು ಹೇಳಬಲ್ಲನು. ಎಲ್ಲಕ್ಕಿಂತ ಮಿಗಿಲಾಗಿ, ವಸ್ತುವಿನ ದೋಷವನ್ನು ನಾವು ಕೇಳುವ ಮೊದಲೇ ಅವನು ಹೇಳುತ್ತಾನೆ. ‘ಎಲ್ಲವೂ ಸರಿಯಾಗಿದೆ’ ಎಂಬ ಮಾತು ಸಾಕ್ಷ್ಯವಲ್ಲ. ‘ಒಂದು ಸೆಕೆಂಡಿನ ವೇಗ ತುಸು ನಿಧಾನ, ಉಳಿದವು ಸರಿ’ ಎಂಬ ಮಾತು ಸಾಕ್ಷ್ಯ. ದೆಹಲಿಯ ಚಾಂದನಿ ಚೌಕದ ಕ್ಯಾಮರಾ ಪೇಟೆಯಂತಹ ವ್ಯವಸ್ಥೆ ನಮ್ಮ ತಾಲ್ಲೂಕು ಪಟ್ಟಣಗಳಲ್ಲಿಲ್ಲ. ಆದರೆ ಹಳೆಯ ಸ್ಟುಡಿಯೋದ ಯಜಮಾನರು ತಾವೇ ಬಳಸಿದ ಕ್ಯಾಮರಾವನ್ನು ಕೊಡಲೊಪ್ಪಿದರೆ, ಅದರ ಪೂರ್ವಚರಿತ್ರೆಯನ್ನು ಅವರ ಬಾಯಿಂದಲೇ ಕೇಳಬಹುದು. ದೂರದಿಂದ ಅಂಚೆಯ ಮೂಲಕ ತರಿಸುವುದಾದರೆ ಲೆನ್ಸಿನ ಒಳಭಾಗದ ಚಿತ್ರವನ್ನು ಮುಂಚಿತವಾಗಿ ಕೇಳಿ ಪಡೆಯತಕ್ಕದ್ದು.

ಆಂತರಿಕ ವಿಮರ್ಶೆ ಎಂದರೆ ವಸ್ತುವಿನ ಪರೀಕ್ಷೆ. ಲೆನ್ಸಿನ ಒಂದು ಬದಿಯಿಂದ ಟಾರ್ಚು ಬೆಳಗಿ ಇನ್ನೊಂದು ಬದಿಯಿಂದ ನೋಡಬೇಕು. ಜೇಡನ ಬಲೆಯ ಎಳೆಗಳಂತೆ ಹರಡಿದ ಬೂಷ್ಟು ಕಂಡರೆ ಬಿಡುವುದು ಲೇಸು; ಅದು ಗಾಜಿನ ಲೇಪವನ್ನು ತಿನ್ನುತ್ತದೆ, ಒರೆಸಿದರೂ ಕಲೆ ಉಳಿಯಬಹುದು. ಮಬ್ಬು ಕವಿದ ಲೆನ್ಸು ಅಕ್ಷರದ ನೆರಳನ್ನು ತೆಳುವಾಗಿಸುತ್ತದೆ; ಆದರೆ ಮುಂಗಾಜಿನ ಸಣ್ಣ ಗೀರಿಗೆ ಹೆದರಬೇಕಾಗಿಲ್ಲ. ಹಿಂಬಾಗಿಲನ್ನು ತೆರೆದು ಅಂಚಿನ ಸ್ಪಂಜು ಕರಗಿ ಅಂಟಾಗಿದೆಯೇ ಎಂದು ಮುಟ್ಟಿನೋಡಬೇಕು. ನಮ್ಮ ಸುರುಳಿ ಕೆಟ್ಟದ್ದು ಇದರಿಂದಲೇ. ಷಟರಿನ ವೇಗಗಳನ್ನು ಒಂದೊಂದಾಗಿ ಪ್ರಯೋಗಿಸಬೇಕು. ಬಹುಕಾಲ ಬಳಸದಿದ್ದ ಕ್ಯಾಮರಾದಲ್ಲಿ ಮೊದಲು ಸಿಕ್ಕಿಕೊಳ್ಳುವುದು ನಿಧಾನದ ವೇಗಗಳೇ. ಪೆಂಟ್ಯಾಕ್ಸ್ ಕೆ 1000, ನಿಕಾನ್ ಎಫ್ಎಂ 2 ಮೊದಲಾದವುಗಳ ಷಟರು ಬ್ಯಾಟರಿಯಿಲ್ಲದೆಯೂ ನಡೆಯುವುದರಿಂದ ಹಳ್ಳಿಗಾಡಿನ ಕೆಲಸಕ್ಕೆ ಅನುಕೂಲ. ಯಾಷಿಕಾ ಮ್ಯಾಟ್ 124ಜಿ ಮುಂತಾದವುಗಳ ಬೆಳಕಿನ ಮಾಪಕವನ್ನು 1.35 ವೋಲ್ಟಿನ ಪಾದರಸದ ಬ್ಯಾಟರಿಗೆಂದು ಮಾಡಲಾಗಿತ್ತು. ಅದು ಈಗ ದೊರೆಯದು, 1.5 ವೋಲ್ಟಿನದನ್ನು ಹಾಕಿದರೆ ಮಾಪಕ ತಪ್ಪು ಹೇಳಬಹುದು. ಇದನ್ನು ತಾನಾಗಿ ತಿಳಿಸದ ವರ್ತಕನಿಗೆ ತಾನು ಮಾರುವ ವಸ್ತುವಿನ ಪರಿಚಯ ಸಾಲದು.

ಕ್ಯಾಮರಾ ಎಲ್ಲಿ ಬಾಳಿತೆಂಬುದೂ ಮುಖ್ಯ. ಹೊನ್ನಾಳಿ, ನ್ಯಾಮತಿಗಳ ಮಳೆಗಾಲದ ತೇವದಲ್ಲಿ ತೊಗಲಿನ ಚೀಲದೊಳಗೆ ಮುಚ್ಚಿಟ್ಟ ಲೆನ್ಸಿಗೆ ಬೂಷ್ಟಿನ ಭಯ; ಮಳೆ ಕಡಮೆಯಾದ ಜಗಳೂರಿನ ಕಡೆ ಧೂಳಿನ ಭಯ. ಒಂದು ಮರಳಿನ ಕಣ ಒಳಸೇರಿದರೆ ಫಿಲ್ಮಿನ ಉದ್ದಕ್ಕೂ ಗೆರೆ ಎಳೆಯುತ್ತದೆ. ಕೊಂಡ ಮೇಲೂ ಸಿಲಿಕಾ ಜೆಲ್ಲಿನೊಡನೆ ಗಾಳಿಯಾಡದ ಡಬ್ಬಿಯಲ್ಲಿಡುವುದು ಅವಶ್ಯ.

ಕಡೆಯದು ಪರೀಕ್ಷೆಯ ಸುರುಳಿ. ಹಿಂದಿರುಗಿಸುವ ಅವಧಿಯೊಳಗೆ, ಕಾಲೇಜಿನ ಇಟ್ಟಿಗೆಗೋಡೆಯೊಂದನ್ನು ಎಲ್ಲ ವೇಗಗಳಲ್ಲಿಯೂ ಎಲ್ಲ ದ್ಯುತಿರಂಧ್ರಗಳಲ್ಲಿಯೂ ಚಿತ್ರಿಸಿ, ಪ್ರತಿಯೊಂದರ ವಿವರವನ್ನು ಟಿಪ್ಪಣಿಯಲ್ಲಿ ಬರೆದಿಟ್ಟು, ನೆಗೆಟಿವಿನೊಡನೆ ಹೋಲಿಸಿ ನೋಡಬೇಕು. ಬೆಳಕಿನ ಸೋರಿಕೆ, ಒಂದರ ಮೇಲೊಂದು ಬಿದ್ದ ಚಿತ್ರಗಳು, ಮೂಲೆಗಳ ಅಸ್ಪಷ್ಟತೆ ಎಲ್ಲವೂ ಅಲ್ಲಿ ಬಯಲಾಗುತ್ತವೆ. ಇದಕ್ಕೊಪ್ಪದ ವರ್ತಕನಿಂದ ಎಷ್ಟೇ ಅಗ್ಗವಾದರೂ ಕೊಳ್ಳಬಾರದೆಂಬುದು ನಮ್ಮ ಅಭಿಪ್ರಾಯ.

ಗೋಡೆಯನ್ನು ಮತ್ತೊಮ್ಮೆ ಚಿತ್ರಿಸಬಹುದು. ಕಲ್ಲು ನಮಗಾಗಿ ಕಾಯುವುದಿಲ್ಲ. ಈಗ ನಮ್ಮಲ್ಲಿರುವ ಕ್ಯಾಮರಾಕ್ಕೆ ಮೊದಲಿನದಕ್ಕಿಂತ ಹೆಚ್ಚು ಹಣ ತೆತ್ತೆವು. ಅದರ ರಸೀತಿಯನ್ನೂ ಪರೀಕ್ಷೆಯ ನೆಗೆಟಿವನ್ನೂ ವಿಭಾಗದ ಕಡತದಲ್ಲಿ ಇರಿಸಿದ್ದೇವೆ. ಕೊಳ್ಳಬಯಸುವ ಅಧ್ಯಾಪಕರೂ ವಿದ್ಯಾರ್ಥಿಗಳೂ ಅವನ್ನು ಬಂದು ನೋಡಬಹುದು.