ಮಗಳ ಟ್ರಂಕಿನಲ್ಲಿ ಏನಿರಬೇಕು?

ಮಗಳಿಗೆ ದೂರದ ಕಾಲೇಜಿನಲ್ಲಿ ಸೀಟು ಸಿಕ್ಕಿತು, ಹಾಸ್ಟೆಲಿನಲ್ಲಿ ಜಾಗವೂ ಆಯಿತು ಎಂದ ಕೂಡಲೇ ನಾವು ತಾಯಂದಿರು ಮಾಡುವ ಮೊದಲ ಕೆಲಸ ಯಾವುದು ಹೇಳಿ? ಅಟ್ಟದ ಮೇಲಿನ ಟ್ರಂಕು ಇಳಿಸುವುದು! ಆಮೇಲೆ ಇಡೀ ಮನೆಯನ್ನೇ ಅದರೊಳಗೆ ತುಂಬಲು ಹೊರಡುವುದು.

"ಇಷ್ಟೆಲ್ಲಾ ಯಾಕಮ್ಮಾ? ಒಂದೇ ರೂಮಲ್ಲಿ ನಾಲ್ಕು ಜನ ಇರ್ಬೇಕು" ಅಂತ ಮಗಳು. "ಇರ್ಲಿ ತಗೊಂಡ್ಹೋಗೇ, ಅಲ್ಲಿ ಯಾರು ಕೊಡ್ತಾರೆ?" ಅಂತ ತಾಯಿ. ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಿರಲಿ, ಹೊಸದುರ್ಗ, ಹೊಳಲ್ಕೆರೆ ಕಡೆಯ ಊರಿರಲಿ, ಮಗಳು ಚಿತ್ರದುರ್ಗಕ್ಕೋ ದಾವಣಗೆರೆಗೋ ಓದಲು ಹೊರಟಳೆಂದರೆ ಈ ವಾದ ತಪ್ಪಿದ್ದಲ್ಲ.

ಇಲ್ಲಿ ಮಗಳ ಮಾತೇ ಸರಿ. ಅವಳ ಪಾಲಿಗೆ ಬರುವುದು ಒಂದು ಮಂಚ, ಅದರ ಕೆಳಗಿನ ಜಾಗ, ಹೆಚ್ಚೆಂದರೆ ಬೀರುವಿನ ಒಂದು ಅರೆ. ಅಲ್ಲಿ ಹಿಡಿಯದ ಸಾಮಾನು ಇನ್ನೊಬ್ಬಳ ಕಾಲಿಗೆ ತೊಡರುತ್ತದೆ. ಮನಸ್ತಾಪ ಶುರುವಾಗುವುದೇ ಹಾಗೆ.

ಮೊದಲು ಕಾಗದಪತ್ರ. ಅಂಕಪಟ್ಟಿ, ವರ್ಗಾವಣೆ ಪತ್ರ, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್, ಬ್ಯಾಂಕ್ ಪಾಸ್‌ಬುಕ್, ನಾಲ್ಕಾರು ಫೋಟೋ. ಎಲ್ಲಕ್ಕೂ ಎರಡೆರಡು ಜೆರಾಕ್ಸ್ ಮಾಡಿಸಿ. ಒಂದು ಪ್ರತಿ ಮನೆಯಲ್ಲಿರಲಿ. 2023ರ ಜೂನ್ 11ರಂದು ಜಾರಿಗೆ ಬಂದ 'ಶಕ್ತಿ' ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ನಿಜ. ಆದರೆ ಗುರುತಿನ ಚೀಟಿ ಕೈಗೆ ಸಿಗುವಂತಿರಬೇಕು. ಮಿತಿ ಮೀರಿದ ಲಗೇಜಿಗೆ ಚಾರ್ಜು ಕೊಡಲೇಬೇಕು.

ಬಟ್ಟೆ ಐದಾರು ಜೊತೆ ಸಾಕು. ಹಾಸಿಗೆಗೆ ಎರಡು ದುಪ್ಪಟಿ, ಹೊದೆಯಲು ನಮ್ಮ ಚಳ್ಳಕೆರೆ ಕಂಬಳಿ ಒಂದಿದ್ದರೆ ಚಳಿಗಾಲದ ಯೋಚನೆಯಿಲ್ಲ. ತಟ್ಟೆ, ಲೋಟ, ಬಕೆಟ್, ಗಟ್ಟಿ ಬೀಗ ಒಂದು. ಎರಡು ತಿಂಗಳಿಗಾಗುವಷ್ಟು ಪ್ಯಾಡುಗಳನ್ನು ಸಂಕೋಚಪಟ್ಟು ಮರೆಯಬೇಡಿ.

ಹಂಚಿಕೊಳ್ಳುವುದು ಯಾವುದು, ಹಂಚಿಕೊಳ್ಳಬಾರದ್ದು ಯಾವುದು ಎಂದು ಮೊದಲೇ ಹೇಳಿಕೊಡಿ. ಬಾಚಣಿಗೆ ಕೊಟ್ಟರೆ ಹೇನು, ಟವೆಲು ಕೊಟ್ಟರೆ ಹುಳುಕಡ್ಡಿ. ಅವೆರಡೂ ಅವಳದಷ್ಟೇ ಆಗಿರಲಿ. ತಿಂಡಿ ಮಾತ್ರ ನಾಲ್ವರಿಗೂ ಆಗುವಷ್ಟು ಕಟ್ಟಿ. ಜೊತೆಯವರು ಯಾವ ಊರವರೋ, ಯಾವ ಜಾತಿಯವರೋ! ಒಂದು ಡಬ್ಬಿ ಶೇಂಗಾ ಚಟ್ನಿಪುಡಿ ನಡುವೆ ಇಟ್ಟರೆ ಪರಿಚಯ ತಾನಾಗಿ ಆಗುತ್ತದೆ.

ಕಾಲು ಕಿಲೋ ಶೇಂಗಾ ಸಣ್ಣ ಉರಿಯಲ್ಲಿ ಹುರಿದು, ಸಿಪ್ಪೆ ಉಜ್ಜಿ ತೆಗೆಯಿರಿ. ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಎಂಟು ಎಸಳು ಬೆಳ್ಳುಳ್ಳಿ, ಗೋಲಿಯಷ್ಟು ಹುಣಸೆಹಣ್ಣು ಬಿಸಿ ಮಾಡಿಕೊಳ್ಳಿ. ಎಲ್ಲ ಪೂರ್ತಿ ಆರಿದ ಮೇಲೆ ಮಸಾಲೆಯನ್ನು ಉಪ್ಪಿನೊಡನೆ ಪುಡಿ ಮಾಡಿ, ಕೊನೆಗೆ ಶೇಂಗಾ ಹಾಕಿ ತರಿತರಿಯಾಗಿ ತಿರುವಿ. ಹೆಚ್ಚು ತಿರುವಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಒಣ ಚಮಚ ಬಳಸಿದರೆ ಎರಡು ಮೂರು ವಾರಕ್ಕೆ ಮೋಸವಿಲ್ಲ.

ಇನ್ನು ಟ್ರಂಕಿನಲ್ಲಿ ಹಿಡಿಸದ ಒಂದು ವಸ್ತುವಿದೆ. ಅದು ನಿಮ್ಮ ಮಾತು. ಎಷ್ಟೋ ಹುಡುಗಿಯರು ಹಾಸ್ಟೆಲಿನಲ್ಲಿ ಜ್ವರ ಬಂದರೂ, ಯಾರಾದರೂ ಕಾಡಿದರೂ ಮನೆಗೆ ಹೇಳುವುದಿಲ್ಲ. ಯಾಕೆ ಗೊತ್ತೇ? "ಹೇಳಿದ್ರೆ ಅಪ್ಪ ಓದು ಬಿಡಿಸಿ ಕರ್ಕೊಂಡು ಬರ್ತಾರೆ" ಎಂಬ ಹೆದರಿಕೆ. ಆ ಹೆದರಿಕೆ ನಮ್ಮದೇ ಕೊಡುಗೆ ಅಲ್ಲವೇ?

ಆದ್ದರಿಂದ ಹೊರಡುವ ಹಿಂದಿನ ರಾತ್ರಿ ಯಜಮಾನರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ: "ಏನೇ ಆದ್ರೂ ನಮಗೆ ಹೇಳು ಕಂದಾ, ನಿನ್ನ ಓದು ನಿಲ್ಲಿಸೋದಿಲ್ಲ." ಮನೆಯ ನಂಬರು, ವಾರ್ಡನ್ ನಂಬರು, ತುರ್ತಿನ 112, ಮಹಿಳಾ ಸಹಾಯವಾಣಿ 181 ಇವಿಷ್ಟನ್ನು ಕಾಗದದಲ್ಲಿ ಬರೆದು ಟ್ರಂಕಿನ ಮುಚ್ಚಳದ ಒಳಗೆ ಅಂಟಿಸಿ. ಫೋನಿನ ಚಾರ್ಜು ಮುಗಿದರೂ ಕಾಗದ ಇರುತ್ತದೆ.

ಆಮೇಲೆ ಟ್ರಂಕಿಗೆ ಬೀಗ ಹಾಕಿ. ಕೀಲಿಕೈ ಅವಳ ಕೈಗೇ ಕೊಡಿ.