ಪ್ಯಾನ್‌ಕೇಕ್ ಮೇಲಿನ ಸಿಹಿ: ನಂಬಿಕೆ ಒಂದು, ಲೆಕ್ಕ ಇನ್ನೊಂದು

2005ರ ಅಕ್ಟೋಬರ್‌ನ ಒಂದು ರಾತ್ರಿ ನ್ಯೂಯಾರ್ಕ್‌ನ ಮ್ಯಾನ್‌ಹಟನ್ ಬೀದಿಗಳಲ್ಲಿ ಘಮ್ಮೆನ್ನುವ ಸಿಹಿ ವಾಸನೆ ಹರಡಿತು. ಊರಿಗೆ ಊರೇ ಪ್ಯಾನ್‌ಕೇಕ್ ಹುಯ್ದು ಮೇಲೆ ಮೇಪಲ್ ಸಿರಪ್ ಸುರಿದಂತಿತ್ತು. ಜನ ಬಾಯಿ ಚಪ್ಪರಿಸುವ ಬದಲು ಹೆದರಿದರು. ವಿಷಾನಿಲದ ದಾಳಿಯೇನಾದರೂ ಇರಬಹುದೇ ಎಂದು ನಗರದ ಸಹಾಯವಾಣಿಗೆ ಕರೆ ಮಾಡಿದರು. ಮುಂದಿನ ಮೂರು ವರ್ಷವೂ ಆ ವಾಸನೆ ಆಗಾಗ ಬಂದು ಹೋಗುತ್ತಿತ್ತು. 2009ರಲ್ಲಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಅದರ ಮೂಲ ಬಹಿರಂಗಪಡಿಸಿದರು: ಹಡ್ಸನ್ ನದಿಯಾಚೆ ನ್ಯೂಜೆರ್ಸಿಯ ಪರಿಮಳ ದ್ರವ್ಯಗಳ ಕಾರ್ಖಾನೆಯೊಂದರಲ್ಲಿ ಮೆಂತ್ಯದ ಕಾಳನ್ನು ಸಂಸ್ಕರಿಸುತ್ತಿದ್ದರು!

ಮೆಂತ್ಯದಲ್ಲಿ ಸೊಟೊಲಾನ್ ಎಂಬ ಸುವಾಸನೆಯ ರಾಸಾಯನಿಕವಿದೆ. ಬಾಣಂತಿಗೆ ಮೆಂತ್ಯದ ಉಂಡೆ ತಿನ್ನಿಸಿದ ಮನೆಯವರಿಗೆ ಇದು ಗೊತ್ತು, ತಿಂದವರ ಬೆವರಿನಲ್ಲೂ ಆ ವಾಸನೆ ಸುಳಿಯುತ್ತದೆ. ಇದೇ ಗುಣದಿಂದಾಗಿ ಮೆಂತ್ಯದ ಸಾರ ಕೃತಕ ಮೇಪಲ್ ಪರಿಮಳಕ್ಕೆ ಕಚ್ಚಾ ಸಾಮಗ್ರಿ. ಪ್ಯಾನ್‌ಕೇಕ್ ಜೊತೆ ಬರುವ ಕಂದು ಬಣ್ಣದ ಸಿರಪ್ಪೆಲ್ಲ ಮರದ ರಸ, ಹಾಗಾಗಿ ಆರೋಗ್ಯಕರ ಎಂಬ ನಂಬಿಕೆ ಮುರಿಯುವುದು ಇಲ್ಲೇ. ‘ಪ್ಯಾನ್‌ಕೇಕ್ ಸಿರಪ್’ ಅಥವಾ ‘ಟೇಬಲ್ ಸಿರಪ್’ ಎಂಬ ಹೆಸರಿನ ಬಾಟಲಿಗಳಲ್ಲಿ ಸಾಮಾನ್ಯವಾಗಿ ಇರುವುದು ಜೋಳದ ಪಿಷ್ಟದಿಂದ ಮಾಡಿದ ಕಾರ್ನ್ ಸಿರಪ್, ಬಣ್ಣ ಮತ್ತು ಪರಿಮಳ. ಮೇಪಲ್ ಮರ ಅದರ ಲೇಬಲ್ಲಿನ ಚಿತ್ರದಲ್ಲಿ ಮಾತ್ರ ಇದ್ದೀತು.

ನಿಜವಾದ ಮೇಪಲ್ ಸಿರಪ್‌ನ ಕಥೆ ಬೇರೆ. ಜಗತ್ತಿನ ಉತ್ಪಾದನೆಯ ಬಹುಪಾಲು ಬರುವುದು ಕೆನಡಾದ ಕ್ವಿಬೆಕ್ ಪ್ರಾಂತ್ಯದಿಂದ. ಚಳಿಗಾಲ ಮುಗಿಯುವ ಹೊತ್ತಿಗೆ ಮರಕ್ಕೆ ತೂತು ಕೊರೆದು ಇಳಿಸುವ ರಸದಲ್ಲಿ ಸಕ್ಕರೆ ಇರುವುದು ಶೇ 2ರ ಆಸುಪಾಸು. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಸಿರಪ್. ಅದಕ್ಕೇ ಅದು ದುಬಾರಿ. ಅದರಲ್ಲಿ ಮ್ಯಾಂಗನೀಸ್ ಇದೆ, ರೈಬೋಫ್ಲೇವಿನ್ ಇದೆ, ಇದು ಸುಳ್ಳಲ್ಲ. ಆದರೆ ಕುದಿಸಿ ಇಳಿಸಿದ ಮೇಲೆ ತೂಕದ ಮೂರನೇ ಎರಡು ಪಾಲಿನಷ್ಟು ಸಕ್ಕರೆಯೇ. ತಟ್ಟೆಗೆ ಕಾಲು ಕಪ್, ಅಂದರೆ 60 ಮಿ.ಲೀ. ಸುರಿದರೆ ಸುಮಾರು 50 ಗ್ರಾಂ ಸಕ್ಕರೆ ಹೊಟ್ಟೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಂತೆ ದಿನದ ಒಟ್ಟು ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ಶೇ 10 ಮೀರಬಾರದು. ಶೇ 5ಕ್ಕೆ, ಅಂದರೆ ವಯಸ್ಕರಿಗೆ ಸುಮಾರು 25 ಗ್ರಾಂಗೆ, ಇಳಿಸಿದರೆ ಇನ್ನೂ ಒಳ್ಳೆಯದು. ಬೆಳಗಿನ ಒಂದೇ ತಿಂಡಿಯಲ್ಲಿ ಆ 25 ಗ್ರಾಂನ ಎರಡರಷ್ಟು ಮುಗಿದಿರುತ್ತದೆ, ಕಾಫಿ ಇನ್ನೂ ಬಂದಿರುವುದಿಲ್ಲ.

“ಹಾಗಾದರೆ ಜೇನುತುಪ್ಪ?” ಎಂಬುದು ಮುಂದಿನ ಪ್ರಶ್ನೆ. ಸಕ್ಕರೆ ಬಿಟ್ಟೆ, ಈಗ ಜೇನು ಮಾತ್ರ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವವರು ಬೆಂಗಳೂರಿನ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಸಿಗುತ್ತಾರೆ. ತೂಕಕ್ಕೆ ತೂಕ ನೋಡಿದರೆ ಜೇನಿನಲ್ಲಿ ಕ್ಯಾಲೊರಿ ಕಡಿಮೆ ಎಂಬುದು ನಿಜ, ಏಕೆಂದರೆ ಅದರಲ್ಲಿ ಶೇ 17ರಷ್ಟು ನೀರು. ಆದರೆ ಮನೆಯಲ್ಲಿ ಯಾರೂ ತೂಗುವುದಿಲ್ಲ, ಚಮಚದಲ್ಲಿ ಅಳೆಯುತ್ತಾರೆ. ಒಂದು ದೊಡ್ಡ ಚಮಚ ಸಕ್ಕರೆ 12–13 ಗ್ರಾಂ ತೂಗಿದರೆ ಅದೇ ಚಮಚದ ಜೇನು 21 ಗ್ರಾಂ. ಸಕ್ಕರೆಯಿಂದ 50 ಕ್ಯಾಲೊರಿಗೆ ತುಸು ಕಡಿಮೆ, ಜೇನಿನಿಂದ 60ಕ್ಕೂ ಹೆಚ್ಚು. ಚಮಚಕ್ಕೆ ಚಮಚ ಬದಲಿಸಿದವರು ಕಡಿಮೆ ಮಾಡಿದ್ದೇನೂ ಇಲ್ಲ, ಹೆಚ್ಚೇ ಮಾಡಿಕೊಂಡಿದ್ದಾರೆ. ಜೇನು ನಾಲಿಗೆಗೆ ಹೆಚ್ಚು ಸಿಹಿ, ಹಾಗಾಗಿ ಅರ್ಧ ಚಮಚ ಸಾಕಾದರೆ ಮಾತ್ರ ಲಾಭ. ವಿಶ್ವ ಆರೋಗ್ಯ ಸಂಸ್ಥೆಯೂ ಮಿತಿಯಲ್ಲಿಡಬೇಕಾದ ಸಕ್ಕರೆಗಳ ಪಟ್ಟಿಯಲ್ಲೇ ಜೇನನ್ನು ಸೇರಿಸಿದೆ.

ಬಾಟಲಿಯಲ್ಲಿರುವುದು ಜೇನೇ ಹೌದೇ ಎಂಬುದು ಇನ್ನೊಂದು ತಕರಾರು. 2020ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡ್‌ಗಳ ಜೇನನ್ನು ಪರೀಕ್ಷೆಗೆ ಕಳಿಸಿದಾಗ ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾದವು ಮೂರೇ. ಕಂಪನಿಗಳು ಇದನ್ನು ಒಪ್ಪಲಿಲ್ಲ, ಆ ಮಾತು ಬೇರೆ. ಇನ್ನು, ಹಸುಗೂಸಿನ ನಾಲಿಗೆಗೆ ಜೇನು ಸವರುವ ಪದ್ಧತಿ ನಮ್ಮಲ್ಲಿ ಈಗಲೂ ಇದೆ. ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಕನ್ನಡ ನಾಡಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ನಂಬಿಕೆ ಬೆಲ್ಲದ್ದು. ಶಿರಸಿ, ಸಿದ್ದಾಪುರ, ಸಾಗರದ ಕಡೆ ಬೆಳಗಿನ ತಿಂಡಿಗೆ ತೆಳ್ಳೇವು ಎಂಬ ತೆಳು ದೋಸೆ ಹುಯ್ದು, ಜೋನಿಬೆಲ್ಲದ ಜೊತೆ ತುಪ್ಪ ಬಿಟ್ಟು ಕೊಡುವುದು ಪ್ಯಾನ್‌ಕೇಕ್ ಎಂಬ ಹೆಸರು ಕೇಳುವುದಕ್ಕಿಂತ ಮೊದಲಿನಿಂದಲೂ ಇದೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು, ಅಚ್ಚಿಗೆ ಬೀಳುವಷ್ಟು ಗಟ್ಟಿಯಾಗುವ ಮೊದಲೇ ಇಳಿಸಿದರೆ ಜೋನಿ. ರುಚಿಯ ವಿಷಯದಲ್ಲಿ ಕ್ವಿಬೆಕ್‌ನವರ ಎದುರು ಅದು ತಲೆ ತಗ್ಗಿಸಬೇಕಿಲ್ಲ.

ಆದರೆ “ಬೆಲ್ಲ ತಿಂದರೆ ರಕ್ತ ಹೆಚ್ಚುತ್ತದೆ, ಕಬ್ಬಿಣದ ಅಂಶ ಬೇಕಾದಷ್ಟು ಸಿಗುತ್ತದೆ” ಎಂಬ ಮಾತಿಗೆ ಸ್ವಲ್ಪ ಕೂಡು-ಕಳೆ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಮಹಿಳೆಗೆ ದಿನಕ್ಕೆ ಬೇಕಾದ ಕಬ್ಬಿಣ 29 ಮಿಲಿಗ್ರಾಂ. ಬೆಲ್ಲದಲ್ಲಿ ಅದರ ಪ್ರಮಾಣ ಕಬ್ಬು, ಮಣ್ಣು, ಕೊಪ್ಪರಿಗೆ ನೋಡಿಕೊಂಡು ಬದಲಾಗುತ್ತದೆ. ಧಾರಾಳವಾಗಿ 100 ಗ್ರಾಂಗೆ 5 ಮಿಲಿಗ್ರಾಂ ಎಂದೇ ಇಟ್ಟುಕೊಳ್ಳೋಣ. ತೆಳ್ಳೇವಿನ ಜೊತೆ 20 ಗ್ರಾಂ ಬೆಲ್ಲ ಹೋದರೆ ಸಿಕ್ಕಿದ್ದು 1 ಮಿಲಿಗ್ರಾಂ. ಪೂರ್ತಿ 29 ಬೆಲ್ಲದಿಂದಲೇ ಬರಬೇಕೆಂದರೆ ದಿನಕ್ಕೆ ಅರ್ಧ ಕಿಲೋ ದಾಟುತ್ತದೆ! ಅದೇ ತಿಂಡಿಯ ಮೇಲೆ ಒಂದು ದೊಡ್ಡ ಚಮಚ ಹುರಿದ ಎಳ್ಳು ಉದುರಿಸಿದರೆ ಆ 20 ಗ್ರಾಂ ಬೆಲ್ಲಕ್ಕಿಂತ ಹೆಚ್ಚು ಕಬ್ಬಿಣ ಅದರಲ್ಲಿರುತ್ತದೆ. ಎರಡರಲ್ಲಿರುವುದೂ ದೇಹಕ್ಕೆ ಪೂರ್ತಿ ದಕ್ಕುವುದಿಲ್ಲ ಎಂಬುದು ನಿಜ. ಆದರೆ ಎಳ್ಳಿನಿಂದ ಸಕ್ಕರೆ ಏರುವುದಿಲ್ಲ. ಬೆಲ್ಲದಲ್ಲಿ ಶೇ 80ಕ್ಕೂ ಹೆಚ್ಚು ಸಕ್ಕರೆಯೇ ಆದ್ದರಿಂದ ಮಧುಮೇಹಿಗಳಿಗೆ ಅದು ವಿನಾಯಿತಿಯ ಚೀಟಿಯೂ ಅಲ್ಲ.

ಬಣ್ಣದ ಬಗ್ಗೆಯೂ ಒಂದು ಮಾತು ಇಲ್ಲೇ ಸೇರಬೇಕು. ಹೊಂಬಣ್ಣದ, ಹೊಳೆಯುವ ಅಚ್ಚುಬೆಲ್ಲವೇ ಶುದ್ಧ, ಕಪ್ಪಗಿರುವುದು ಕೊಳಕು ಎಂದು ಅಂಗಡಿಯಲ್ಲಿ ಆರಿಸುವವರು ಬಹಳ. ಬೆಲ್ಲ ತಿಳಿಬಣ್ಣಕ್ಕೆ ಬರಲೆಂದು ಹಲವು ಕಡೆ ಹೈಡ್ರೋಸ್ ಎಂಬ ರಾಸಾಯನಿಕ ಹಾಕುತ್ತಾರೆ. ಅದರಿಂದ ಬೆಲ್ಲದಲ್ಲಿ ಗಂಧಕದ ಅಂಶ ಉಳಿದುಬಿಡುತ್ತದೆ. ಬೆಂಡೆ ಗಿಡದ ಲೋಳೆ, ಸುಣ್ಣ ಹಾಕಿ ಮಡ್ಡಿ ತೆಗೆದ ಬೆಲ್ಲ ಕಂದು ಬಣ್ಣಕ್ಕೆ ತಿರುಗುವುದು ಸಹಜ. ಚೆಂದದ ಬೆಲ್ಲವೇ ಬೇಕೆಂದು ಗಿರಾಕಿ ಹಠ ಹಿಡಿದರೆ ಆಲೆಮನೆಯವರು ತಾನೇ ಏನು ಮಾಡಿಯಾರು?

ಚಾಕೊಲೇಟ್ ಸ್ಪ್ರೆಡ್ ವಿಚಾರ ಬೇಗ ಮುಗಿಯುತ್ತದೆ. ಹೇಝಲ್‌ನಟ್ ಕಾಯಿಯ ಹೆಸರು ಹೇಳಿ ಮಾರುವ ನುಟೆಲ್ಲಾದಲ್ಲಿ ಆ ಕಾಯಿಯ ಪಾಲು ಶೇ 13, ಸಕ್ಕರೆಯದು ಅರ್ಧಕ್ಕಿಂತ ಹೆಚ್ಚು. ಮಕ್ಕಳಿಗೆ ಪೌಷ್ಟಿಕ ತಿಂಡಿ ಎಂಬಂತೆ ಜಾಹೀರಾತು ಮಾಡಿದ್ದಕ್ಕಾಗಿ ಅಮೆರಿಕದಲ್ಲಿ ಗ್ರಾಹಕರು ಮೊಕದ್ದಮೆ ಹೂಡಿದರು. 2012ರಲ್ಲಿ ತಯಾರಕ ಕಂಪನಿ ಫೆರೆರೊ ಸುಮಾರು 30 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಜಾಮ್ ಕೂಡ ಅಷ್ಟೇ. ಹಣ್ಣಿನ ಚಿತ್ರ ಎಷ್ಟೇ ದೊಡ್ಡದಿರಲಿ, ಒಳಗೆ ಅರ್ಧಕ್ಕಿಂತ ಹೆಚ್ಚು ಪಾಲು ಸಕ್ಕರೆ.

ತಮಾಷೆಯೆಂದರೆ, ಇಷ್ಟೆಲ್ಲ ಸಿಹಿಗೆ ಹೆದರದವರು ಬಾಳೆಹಣ್ಣಿಗೆ ಹೆದರುತ್ತಾರೆ. “ಹಣ್ಣಿನಲ್ಲೂ ಸಕ್ಕರೆ ತಾನೇ?” ಹೌದು, ಮಧ್ಯಮ ಗಾತ್ರದ ಪಚ್ಚಬಾಳೆಯಲ್ಲಿ ಸುಮಾರು 14 ಗ್ರಾಂ ಇರುತ್ತದೆ, ಏಲಕ್ಕಿ ಬಾಳೆ ಚಿಕ್ಕದಾದ್ದರಿಂದ ಇನ್ನೂ ಕಡಿಮೆ. ಆದರೆ ಆ ಸಕ್ಕರೆ ನಾರು ಮತ್ತು ನೀರಿನೊಂದಿಗೆ ಹಣ್ಣಿನ ಕೋಶಗಳ ಒಳಗೇ ಇರುತ್ತದೆ, ರಕ್ತಕ್ಕೆ ನಿಧಾನವಾಗಿ ಇಳಿಯುತ್ತದೆ. ಇಡೀ ಹಣ್ಣಿನ ಸಕ್ಕರೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಆ ಮಿತಿಯ ಪಟ್ಟಿಗೆ ಸೇರಿಸಿಯೇ ಇಲ್ಲ, ಹಣ್ಣಿನ ರಸದ ಸಕ್ಕರೆಯನ್ನು ಸೇರಿಸಿದೆ. ಅಮೆರಿಕದ ಸುಮಾರು 1.87 ಲಕ್ಷ ಮಂದಿಯನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಇಡೀ ಹಣ್ಣು, ಅದರಲ್ಲೂ ಬ್ಲೂಬೆರಿ, ದ್ರಾಕ್ಷಿ, ಸೇಬು ಹೆಚ್ಚು ತಿಂದವರಲ್ಲಿ ಟೈಪ್ 2 ಮಧುಮೇಹ ಕಡಿಮೆ, ಹಣ್ಣಿನ ರಸ ಹೆಚ್ಚು ಕುಡಿದವರಲ್ಲಿ ಹೆಚ್ಚು ಕಂಡುಬಂತು. ಹಣ್ಣೇ ಕಾರಣ ಎಂದು ಇಂಥ ಅಧ್ಯಯನದಿಂದ ಖಡಾಖಂಡಿತ ಹೇಳಲಾಗದು, ಹಣ್ಣಿಗೆ ಹೆದರಲು ಕಾರಣವಿಲ್ಲ ಎಂದಂತೂ ಹೇಳಬಹುದು. ಮಧುಮೇಹ ಇದ್ದವರು ಪ್ರಮಾಣವನ್ನು ವೈದ್ಯರ ಬಳಿ ಕೇಳಿಕೊಳ್ಳುವುದು ಬೇರೆ ವಿಚಾರ.

ಒಣಹಣ್ಣು ಮಾತ್ರ ಇಲ್ಲಿ ನಡುವಿನದು. ದ್ರಾಕ್ಷಿಯ ನೀರು ಆರಿ ಒಣದ್ರಾಕ್ಷಿಯಾದಾಗ ತೂಕದ ಶೇ 60ರಷ್ಟು ಸಕ್ಕರೆ. ವಿಜಯಪುರದ ಒಣದ್ರಾಕ್ಷಿಯಲ್ಲಿ ನಾರು ಉಳಿದಿರುತ್ತದೆ, ಆದರೆ ಒಂದು ಹಿಡಿ ತಾಜಾ ದ್ರಾಕ್ಷಿಗೆ ಒಂದು ಹಿಡಿ ಒಣದ್ರಾಕ್ಷಿ ಸಮವಲ್ಲ. ಖರ್ಜೂರ ಅರೆದು ಮಾಡಿದ ಸಿರಪ್ಪನ್ನು ‘ಸಕ್ಕರೆರಹಿತ’ ಎನ್ನುವುದು ಮಾತಿನ ಜಾಣತನವಷ್ಟೇ, ಅದರ ಸಿಹಿಯೂ ಸಕ್ಕರೆಯದೇ.

ಕೊಬ್ಬಿನ ಭಯಕ್ಕೂ ಸ್ವಲ್ಪ ಅವಕಾಶ ಕೊಡಬೇಕು. ತುಪ್ಪದ ಒಂದು ಚಿಕ್ಕ ಚಮಚದಲ್ಲಿ 45 ಕ್ಯಾಲೊರಿ, ತೆಂಗಿನಕಾಯಿಯ ಕೊಬ್ಬಿನಲ್ಲಿ ಬಹುಪಾಲು ಪರ್ಯಾಪ್ತ ಬಗೆಯದು. ಹಾಗೆಂದು ಇವೆರಡನ್ನೂ ಬಿಟ್ಟು ತಿಂಡಿಯನ್ನು ಬರೀ ಬೆಲ್ಲದ ಜೊತೆ ತಿಂದರೆ ಸಕ್ಕರೆ ಬೇಗ ರಕ್ತಕ್ಕೇರುತ್ತದೆ. ಕೊಬ್ಬು, ಪ್ರೋಟೀನ್ ಜೊತೆಗಿದ್ದರೆ ಹೊಟ್ಟೆ ಖಾಲಿಯಾಗುವುದು ನಿಧಾನ. ಹಾಗಾಗಿ ಹುರಿದ ಶೇಂಗಾ ಪುಡಿ, ಬಟ್ಟೆಯಲ್ಲಿ ಕಟ್ಟಿ ನೀರು ಬಸಿದ ಗಟ್ಟಿ ಮೊಸರು, ಕಾಯಿತುರಿ, ಏಲಕ್ಕಿ ಇವು ತಿಂಡಿಯ ಮೇಲೆ ಬರಲಿ, ಸಿಹಿ ಪಕ್ಕಕ್ಕಿರಲಿ. ಶೇಂಗಾದ ತೂಕದಲ್ಲಿ ಕಾಲು ಭಾಗ ಪ್ರೋಟೀನ್. ಅಂಗಡಿಯ ಹಣ್ಣಿನ ಪರಿಮಳದ ಯೋಗರ್ಟ್ ಡಬ್ಬಿ ಇದಕ್ಕೆ ಬದಲಿಯಲ್ಲ, ಅದರ ಹಿಂಬದಿಯಲ್ಲಿ ಸಾಮಾನ್ಯವಾಗಿ ಸಕ್ಕರೆಯ ಹೆಸರು ಇದ್ದೇ ಇರುತ್ತದೆ.

ಕ್ಯಾಲೊರಿಯಿಲ್ಲದ ‘ಶುಗರ್ ಫ್ರೀ’ ಸಿರಪ್ ಹುಡುಕುವವರಿಗೆ 2023ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಉತ್ತರ ಕೊಟ್ಟಿದೆ: ತೂಕ ಹತೋಟಿಯಲ್ಲಿಡುವ ಸಾಧನವಾಗಿ ಇಂಥ ಸಿಹಿಕಾರಕಗಳನ್ನು ಬಳಸಬೇಡಿ. ಈಗಾಗಲೇ ಮಧುಮೇಹ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ.

ಪ್ಯಾನ್‌ಕೇಕ್‌ಗೆ ಇನ್ನೊಂದು ತೊಡಕಿದೆ, ಅದು ಮೆತ್ತಗೆ, ದಪ್ಪ, ಒಳಗೆಲ್ಲ ಗಾಳಿಗುಳ್ಳೆ. ಮೇಲಿನಿಂದ ಸುರಿದ ಸಿರಪ್ ಒಳಗಿಳಿದು ಕಾಣದಂತಾಗುತ್ತದೆ, ಸಾಲದೆಂದು ಮತ್ತೆ ಸುರಿಯುತ್ತಾರೆ. ತೆಳ್ಳೇವು ತಿನ್ನುವವರು ಜೋನಿಬೆಲ್ಲವನ್ನು ಬಟ್ಟಲಲ್ಲಿ ಹಾಕಿಕೊಂಡು, ಮಡಿಚಿದ ತುಂಡಿನ ತುದಿಯನ್ನಷ್ಟೇ ಅದ್ದುತ್ತಾರೆ. ಪ್ಯಾನ್‌ಕೇಕ್‌ಗೂ ಹೀಗೇ ಒಂದು ಬಟ್ಟಲು ಇಟ್ಟರೆ ಸಿರಪ್ ಎಷ್ಟು ಹೋಯಿತೆಂಬುದು ಕಣ್ಣಿಗೆ ಕಾಣುತ್ತದೆ, ಮೇಲೆ ಬಾಳೆಹಣ್ಣಿನ ಬಿಲ್ಲೆಗಳಿಗೂ ಎಳ್ಳಿಗೂ ಜಾಗ ಉಳಿಯುತ್ತದೆ.